ಹೂವಿನ ಗಿಡ ಸವರುವುದು: ನಮ್ಮೂರ ಮಳೆ ನೋಡಿಕೊಂಡು ನಾನು ಮಾಡುವ ಕ್ರಮ

ಹೂವಿನ ಗಿಡ ಯಾವಾಗ ಸವರ್ಬೇಕು, ಅಂದ್ರೆ ಕತ್ತರಿಸಿ ಗಿಡ್ಡ ಮಾಡ್ಬೇಕು ಅಂತ ಉಡುಪಿಯಲ್ಲಿ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳುವುದು ಮಳೆಯ ಲೆಕ್ಕ. ಯೂಟ್ಯೂಬಲ್ಲಿ ಉತ್ತರದ ಕಡೆಯವರು ಫೆಬ್ರವರಿಯಲ್ಲಿ ಕಟ್ ಮಾಡಿ ಅಂತಾರೆ, ಅವರಿಗೆ ಅದು ಚಳಿ ಮುಗಿಯುವ ಹೊತ್ತು, ನಮಗೆ ಆಗ ಸೆಕೆ ಶುರುವಾಗಿ ಬಾವಿ ನೀರು ಇಳಿಲಿಕ್ಕೆ ಹೊರಟಿರ್ತದೆ, ಆಗ ಜೋರಾಗಿ ಸವರಿದ್ರೆ ಎಳೆ ಚಿಗುರು ಉಳಿಸ್ಲಿಕ್ಕೆ ನೀರು ಹೊಯ್ದೇ ಸಾಕಾಗ್ತದೆ. ಆಟಿ ತಿಂಗಳಲ್ಲಂತೂ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್ ಹೊತ್ತು, ಜೋರು ಮಳೆ) ಕತ್ತರಿ ಮುಟ್ಟಲೇಬೇಡಿ. ದಿನಗಟ್ಟಲೆ ಬಿಸಿಲಿಲ್ಲ, ಕಡಿದ ಜಾಗ ಒಣಗುವುದಿಲ್ಲ, ಅಲ್ಲಿಂದ ಗೆಲ್ಲು (ಕೊಂಬೆ) ಕಪ್ಪಾಗಿ ಕೆಳಗೆ ಕೊಳೀತಾ ಬರ್ತದೆ.

ನನ್ನ ದೊಡ್ಡ ಕಟಿಂಗ್ ದೀಪಾವಳಿ ಆಸುಪಾಸು, ಸಂಜೆಯ ಗುಡುಗು ಮಳೆ ಕಡಿಮೆಯಾದ ಮೇಲೆ. ಮಣ್ಣಲ್ಲಿ ಪಸೆ ಇನ್ನೂ ಉಂಟು, ಬಿಸಿಲೂ ಉಂಟು, ಚಿಗುರಿಗೆ ಇದಕ್ಕಿಂತ ಒಳ್ಳೆ ಸಮಯ ಸಿಕ್ಕುವುದಿಲ್ಲ.

ದಾಸವಾಳದಿಂದ ಶುರು ಮಾಡ್ತೇನೆ. ಅದರ ಹೂ ಬರುವುದು ಹೊಸ ಚಿಗುರಲ್ಲಿ, ಹಾಗಾಗಿ ಸವರದೆ ಬಿಟ್ಟ ಗಿಡದಲ್ಲಿ ಹೂವೆಲ್ಲ ತುದಿಗೆ ಏರಿ, ಬೆಳಿಗ್ಗೆ ದೇವರಿಗೆ ಹೂ ಕೊಯ್ಲಿಕ್ಕೆ ಅಮ್ಮನಿಗೆ ಕೊಕ್ಕೆ ಬೇಕಾಗ್ತದೆ. ಮೊದಲು ಒಣಗಿದ್ದು, ಒಂದಕ್ಕೊಂದು ತಾಗಿ ಉಜ್ಜುವಂಥದ್ದು, ಒಳಗೆ ತಿರುಗಿದ್ದು ತೆಗೀತೇನೆ, ಗಾಳಿ ಬೆಳಕು ನಡುವಿಗೆ ಹೋಗ್ಬೇಕು. ಆಮೇಲೆ ಉಳಿದ ಗೆಲ್ಲುಗಳನ್ನು ಮೂರರಲ್ಲಿ ಒಂದು ಪಾಲಿನಷ್ಟು ಗಿಡ್ಡ ಮಾಡುವುದು, ಹೊರಗೆ ಮುಖ ಮಾಡಿದ ಕಣ್ಣಿನ (ಚಿಗುರು ಒಡೆಯುವ ಜಾಗ) ಸ್ವಲ್ಪ ಮೇಲೆ, ನೀರು ನಿಲ್ಲದ ಹಾಗೆ ಓರೆಯಾಗಿ. ಹೆಬ್ಬೆರಳಿಗಿಂತ ದಪ್ಪ ಗೆಲ್ಲು ಕಡಿದ್ರೆ ಆ ಗಾಯಕ್ಕೆ ಕೊಳೆಯದ ಹಾಗೆ ಬೋರ್ಡೋ ಪೇಸ್ಟ್ ಹಚ್ತೇನೆ: ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್. ಅಡಿಕೆ ತೋಟ ಇದ್ದವರ ಮನೆಯಲ್ಲಿ ಕೊಳೆರೋಗಕ್ಕೆ ತಂದ ಮೈಲುತುತ್ತು ಹೇಗೂ ಇರ್ತದೆ, ಆದ್ರೆ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ ಆಮೇಲೆ ಬೆರೆಸಿ, ಕಬ್ಬಿಣದ ಪಾತ್ರೆ ಬೇಡ. ಬಿಳಿ ಹಿಟ್ಟಿನ ಹಾಗೆ ಹುಳ ಹಿಡಿದ ತುದಿ ಇದ್ರೆ ಅದನ್ನು ಗೊಬ್ಬರ ಗುಂಡಿಗೆ ಹಾಕ್ಬೇಡಿ, ಬೇರೆಯೇ ಸುಟ್ಟುಬಿಡಿ, ಮತ್ತೆ ಕತ್ತರಿಯನ್ನು ಸ್ಪಿರಿಟಲ್ಲಿ ಒರೆಸಿಯೇ ಮುಂದಿನ ಗಿಡ ಮುಟ್ಟಿ.

ಮಲ್ಲಿಗೆಗೂ ಹೊಸ ಚಿಗುರಲ್ಲೇ ಮೊಗ್ಗು. ಮಲ್ಲಿಗೆಗೆ ಹೆಸರಾದ ನಮ್ಮ ಉಡುಪಿ ಹತ್ತಿರದ ಶಂಕರಪುರದ ಕಡೆ ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ, ಅಷ್ಟು ಹೂ ಬೇಕಾದ್ರೆ ಗಿಡದಲ್ಲಿ ಎಷ್ಟು ಚಿಗುರು ಬೇಕು ನೀವೇ ಯೋಚನೆ ಮಾಡಿ. ಮನೆಮಟ್ಟಿಗೆ ಬೆಳೆಸುವವರು ಮಾತ್ರ "ಅಯ್ಯೋ ಪಾಪ" ಅಂತ ತುದಿ ಮಾತ್ರ ಚಿವುಟಿ ಬಿಡ್ತಾರೆ. ನಾನು ಮೊಣಕಾಲೆತ್ತರಕ್ಕೆ ಇಳಿಸಿ, ಸಪೂರ ಗೆಲ್ಲು ತೆಗೆದು, ಬುಡಕ್ಕೆ ಹಟ್ಟಿಗೊಬ್ಬರ, ನೆನೆಸಿದ ನೆಲಗಡಲೆ ಹಿಂಡಿ ಕೊಡ್ತೇನೆ. ಸವರಿ ಗೊಬ್ಬರ ಕೊಡದಿದ್ರೆ ಅರ್ಧ ಕೆಲಸ ಅಷ್ಟೇ.

ಬೋಗನ್‌ವಿಲ್ಲಾ ಮಳೆಗಾಲದಲ್ಲಿ ಬರೀ ಎಲೆ, ಅದನ್ನೂ ಇದೇ ಹೊತ್ತಿಗೆ ಕಡಿದು ನೀರು ಕಡಿಮೆ ಮಾಡಿದ್ರೆ ಬೇಸಿಗೆಯಿಡೀ ಬಣ್ಣ. ಕೇಪುಳಕ್ಕೆ (ಇಕ್ಸೋರಾ) ಬೇಲಿ ಕತ್ತರಿ ಬೇಡವೇ ಬೇಡ, ಗೊಂಚಲು ಬರುವುದು ತುದಿಯಲ್ಲೇ, ತಿಂಗಳಿಗೊಮ್ಮೆ ಚೌಕ ಮಾಡ್ತಾ ಇದ್ರೆ ಮೊಗ್ಗೇ ಹೋಗ್ತದೆ. ಬಾಡಿದ ಗೊಂಚಲನ್ನು ಒಂದು ಜೊತೆ ಎಲೆ ಸಮೇತ ತೆಗೆದ್ರೆ ಸಾಕು.

ಗಂಧರಾಜ ಒಂದು ಬೇರೆ ಜಾತಿ. ಅದರ ಮೊಗ್ಗು ಮೊದಲೇ ಬೆಳೆದು ನಿಂತ ಗೆಲ್ಲಲ್ಲಿ ಕೂರ್ತದೆ, ದೀಪಾವಳಿಗೆ ಎಲ್ಲದರ ಜೊತೆ ಅದನ್ನೂ ಕತ್ತರಿಸಿದ್ರೆ ಆ ವರ್ಷ ಹೂ ಇಲ್ಲ. ಹೂ ಮುಗಿದ ಕೂಡಲೇ, ಎರಡು ದಿನ ಮಳೆ ಬಿಟ್ಟಾಗ ನೋಡಿ ಸ್ವಲ್ಪವೇ ಸವರಿ.

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ದಿನ) ಮೊದಲು ಇನ್ನೊಂದು ಸಣ್ಣ ಸುತ್ತು ಹಾಕ್ತೇನೆ, ಗಾಳಿಗೆ ಮುರಿಯುವ ಉದ್ದ ಗೆಲ್ಲು ಮಾತ್ರ. ಆಗ ಕಡಿದ ದಾಸವಾಳದ ತುಂಡುಗಳನ್ನು, ಪೆನ್ಸಿಲ್ ದಪ್ಪದ್ದನ್ನು ಆರಿಸಿ, ನೆರಳಲ್ಲಿ ಒದ್ದೆ ಮರಳಿಗೆ ಊರಿಟ್ಟರೆ ಮಳೆ ಹಿಡಿಯುವಾಗ ಬೇರು ಬಿಡ್ತದೆ. ಕಣಗಿಲೆ ಇದ್ದವರು ಮಾತ್ರ ಕೈಗೆ ಗ್ಲೌಸ್ ಹಾಕಿ, ಅದರ ಹಾಲು ವಿಷ, ಕಡಿದ ಸೊಪ್ಪನ್ನು ಸುಡಬೇಡಿ, ದನ ಹೋಗದ ಕಡೆ ಹೊಂಡ ತೆಗೆದು ಮುಚ್ಚಿ.