ಸಿಇಎಸ್‌ಗೆ ಮೊದಲ ಸಲ ಹೊರಟಿದ್ದೀರಾ? ಇಷ್ಟು ನೋಡಿಕೊಳ್ಳಿ

ಪ್ರತಿ ವರ್ಷ ಜನವರಿ ಶುರುವಿನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಸಿಇಎಸ್, ಅಂದರೆ ಕನ್ಸ್ಯೂಮರ್ ಎಲೆಕ್ಟ್ರಾನಿಕ್ಸ್ ಶೋ ಅನ್ನುವ ದೊಡ್ಡ ಟೆಕ್ ಪ್ರದರ್ಶನ ನಡೆಯುತ್ತದೆ. 2025ರಲ್ಲಿ 4,500ಕ್ಕೂ ಹೆಚ್ಚು ಕಂಪನಿಗಳು ಮಳಿಗೆ ಹಾಕಿದ್ದವು, 1,40,000ಕ್ಕಿಂತ ಜಾಸ್ತಿ ಜನ ಬಂದಿದ್ದರು. ನಾಲ್ಕು ದಿನದಲ್ಲಿ ಎಲ್ಲಾ ನೋಡಿಬಿಡೋಣ ಅಂತ ಹೋದರೆ ಕಾಲುನೋವೊಂದೇ ಗಿಟ್ಟುವುದು. ಹೊರಡುವ ಮುಂಚೆಯೇ ನಿಮಗೆ ಏನು ತಿಳಿಯಬೇಕು ಅಂತ ಎರಡು ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ವಯಸ್ಸಾದವರ ಶ್ರವಣ ಸಾಧನವನ್ನು ಅಗ್ಗಕ್ಕೆ ಯಾರು ಮಾಡುತ್ತಿದ್ದಾರೆ, ಅಷ್ಟು ಖಚಿತವಾಗಿರಲಿ ಪ್ರಶ್ನೆ.

ಇದು ಜಾತ್ರೆಯ ಹಾಗೆ ಯಾರು ಬೇಕಾದರೂ ನುಗ್ಗುವ ಜಾಗ ಅಲ್ಲ. 18 ವರ್ಷ ಆಗಿರಬೇಕು, ಟೆಕ್ ಉದ್ಯಮಕ್ಕೆ ಸಂಬಂಧಪಟ್ಟವರು ಅಂತ ತೋರಿಸಬೇಕು. ಊರಿಂದ ಹೋಗುವವರು ವೀಸಾ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ. ರೂಮನ್ನೂ ಬೇಗ ಬುಕ್ ಮಾಡಿ, ಆ ವಾರ ಹೋಟೆಲ್ ದರ ವಿಪರೀತ ಏರುತ್ತದೆ. ಬುಕ್ ಮಾಡುವಾಗ ರೆಸಾರ್ಟ್ ಫೀ ಎಷ್ಟು ಅಂತ ಕೇಳಿ. ಅದು ರೂಮ್ ಬಾಡಿಗೆಯ ಮೇಲೆ ದಿನಕ್ಕಿಷ್ಟು ಅಂತ ಬೀಳುತ್ತದೆ, ನಾನು ಮೊದಲ ಸಲ ಕಡೇ ಬಿಲ್ ನೋಡುವವರೆಗೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪ್ರದರ್ಶನ ಒಂದೇ ಕಟ್ಟಡದಲ್ಲಿ ಇರುವುದಿಲ್ಲ, ಇದು ಚೆನ್ನಾಗಿ ನೆನಪಿರಲಿ. ಲಾಸ್ ವೇಗಸ್ ಕನ್ವೆನ್ಷನ್ ಸೆಂಟರ್ ಒಂದು ಕಡೆ, ವೆನೀಷಿಯನ್ ಎಕ್ಸ್‌ಪೋ ಇನ್ನೊಂದು ಕಡೆ. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಬೆಳಿಗ್ಗೆ ಇಲ್ಲಿ ಮಧ್ಯಾಹ್ನ ಅಲ್ಲಿ ಅಂತ ಹಾಕಿಕೊಂಡರೆ ಅರ್ಧ ದಿನ ಬಸ್ಸಿನ ಸಾಲಿನಲ್ಲೇ ಹೋಗುತ್ತದೆ. ಶಟಲ್ ಬಸ್ಸು ಫ್ರೀ, ಆದರೆ ಸಂಜೆ ಎಲ್ಲರೂ ಒಟ್ಟಿಗೇ ಹೊರಗೆ ಬರುತ್ತಾರಲ್ವಾ, ಆ ಹೊತ್ತಿಗೆ ಮೋನೊರೈಲೇ ವಾಸಿ. ಕನ್ವೆನ್ಷನ್ ಸೆಂಟರ್ ಒಳಗಡೆ ಒಂದು ಹಾಲ್‌ನಿಂದ ಇನ್ನೊಂದಕ್ಕೆ ನೆಲದಡಿ ಸುರಂಗ ಇದೆ, ಟೆಸ್ಲಾ ಕಾರಿನಲ್ಲಿ ಕೂರಿಸಿಕೊಂಡು ದುಡ್ಡಿಲ್ಲದೆ ಬಿಡುತ್ತಾರೆ. ನಡೆದು ಸುಸ್ತಾಗಬೇಡಿ.

ಹಳೆಯ, ಕಾಲಿಗೆ ಒಗ್ಗಿದ ಶೂ ಹಾಕಿಕೊಳ್ಳಿ. ಚಕ್ರದ ಬ್ಯಾಗ್ ಒಳಗೆ ಬಿಡುವುದಿಲ್ಲ. ಅಲ್ಲಿಯ ಗಾಳಿ ಒಣ, ಎರಡನೇ ದಿನಕ್ಕೇ ತುಟಿ ಒಡೆಯುತ್ತದೆ, ನೀರಿನ ಬಾಟಲಿ ಕೈಯಲ್ಲೇ ಇರಲಿ. ತಿನ್ನೋಕೆ ಅಂತ ಗೊಜ್ಜವಲಕ್ಕಿ ಮಿಕ್ಸ್ ತಗೊಂಡು ಹೋಗುವವರು ಒಂದು ವಿಷಯ ತಿಳ್ಕೊಳ್ಳಿ: ಎಷ್ಟೋ ಹೋಟೆಲ್ ರೂಮುಗಳಲ್ಲಿ ನೀರು ಕಾಯಿಸುವ ಕೆಟಲ್ ಇರುವುದಿಲ್ಲ. ಕೋಡುಬಳೆ, ನಿಪ್ಪಟ್ಟು ಆದರೆ ಆ ತಾಪತ್ರಯವೇ ಇಲ್ಲ. ಹಾಲ್ ಒಳಗೆ ಊಟ ದುಬಾರಿ, ಸಾಲೂ ಉದ್ದ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಕನ್ವೆನ್ಷನ್ ಸೆಂಟರ್‌ನಲ್ಲಿ ಸೆಂಟ್ರಲ್ ಹಾಲ್‌ನ ದೊಡ್ಡ ದೊಡ್ಡ ಟಿವಿಗಳು, ವೆಸ್ಟ್ ಹಾಲ್‌ನ ಕಾರುಗಳು ಕಣ್ಣಿಗೆ ಹಬ್ಬ, ನೋಡಿ. ಆದರೆ ಒಂದು ಪೂರ್ತಿ ದಿನವನ್ನು ವೆನೀಷಿಯನ್‌ನ ಯುರೇಕಾ ಪಾರ್ಕ್‌ಗೆ ಇಡಿ. ಸ್ಟಾರ್ಟಪ್‌ಗಳ ಜಾಗ ಅದು. ಒಂದು ಸಣ್ಣ ಮೇಜು, ಹಿಂದೆ ಒಂದು ಬ್ಯಾನರ್, ಅಷ್ಟೇ. ವಸ್ತು ಮಾಡಿದವರೇ ಎದುರಿಗೆ ನಿಂತಿರುತ್ತಾರೆ. ಒಂದು ಮೇಜಿನ ಮೇಲೆ ಮಣ್ಣಿನ ತೇವ ಅಳೆಯುವ ಸಾಧನ ಇತ್ತು, ಕೈಗೆತ್ತಿಕೊಂಡು ತಿರುಗಿಸಿದರೆ ಹಿಂದೆ ವೈರನ್ನು ಟೇಪ್ ಹಚ್ಚಿ ಹಿಡಿಸಿದ್ದರು. ಅದನ್ನು ಮಾಡಿದ ಹುಡುಗಿ ಮುಚ್ಚಿಡಲಿಲ್ಲ. ನೀರು ಒಳಗೆ ಹೋಗಿ ಎರಡು ಸಲ ಸುಟ್ಟುಹೋಯಿತು, ಈಗ ಮೂರನೆಯದು ಅಂತ ಬಿಚ್ಚಿಯೇ ತೋರಿಸಿದಳು. ಇಪ್ಪತ್ತು ನಿಮಿಷದಲ್ಲಿ ನಾನು ಕಲಿತದ್ದು ಯಾವ ದೊಡ್ಡ ವೇದಿಕೆಯ ಭಾಷಣದಲ್ಲೂ ಸಿಕ್ಕಿಲ್ಲ.

ಎಲ್ಲಿ ನಿಂತರೂ ಮೂರು ವಿಷಯ ಕೇಳಿ. ಇದು ಈಗ ಅಂಗಡಿಯಲ್ಲಿ ಸಿಗುತ್ತದಾ, ಇಲ್ಲಾಂದರೆ ಯಾವಾಗ? ಬೆಲೆ ಎಷ್ಟು? ಇಂಟರ್‌ನೆಟ್ ಇಲ್ಲದಿದ್ದರೆ ಕೆಲಸ ಮಾಡುತ್ತದಾ? ಇಲ್ಲಿ ತೋರಿಸುವ ಎಷ್ಟೋ ವಸ್ತು ಇನ್ನೂ ಮಾದರಿಯ ಹಂತದಲ್ಲೇ ಇರುತ್ತವೆ, ಕೆಲವು ಮಾರುಕಟ್ಟೆಗೆ ಬರುವುದೇ ಇಲ್ಲ. ಹಾಗಂತ ಬೇಜಾರಾಗಬೇಡಿ. 1970ರಲ್ಲಿ ವಿಡಿಯೊ ಕ್ಯಾಸೆಟ್ ಓಡಿಸುವ ವಿಸಿಆರ್, 1981ರಲ್ಲಿ ಸಿಡಿ ಪ್ಲೇಯರ್ ಜನರ ಕಣ್ಣಿಗೆ ಬಿದ್ದದ್ದೂ ಇದೇ ಪ್ರದರ್ಶನದಲ್ಲಿ, ಅವು ನಮ್ಮ ಮನೆಗಳಿಗೆ ಬರಲು ಎಷ್ಟೋ ವರ್ಷ ಹಿಡಿಯಿತು.

ವಿಸಿಟಿಂಗ್ ಕಾರ್ಡ್ ಕೈಗೆ ಬಂದ ತಕ್ಷಣ, ಅಲ್ಲೇ ನಿಂತು, ಅದರ ಹಿಂದೆ ಒಂದು ಸಾಲು ಬರೆಯಿರಿ: ಏನು ಮಾತಾಡಿದಿರಿ, ನೀವು ಏನು ಕಳಿಸುತ್ತೇನೆ ಅಂದಿರಿ. ರಾತ್ರಿ ರೂಮಿಗೆ ಬಂದು ನೋಡಿದರೆ ಮುಖ ಯಾವುದು, ಕಾರ್ಡ್ ಯಾವುದು ಗೊತ್ತೇ ಆಗುವುದಿಲ್ಲ. ಊರಿಗೆ ಬಂದ ಮೇಲೆ ಬರೆದರಾಯಿತು ಅಂತ ಬಿಡಬೇಡಿ, ಅವತ್ತೇ ಎರಡು ಸಾಲಿನ ಮೇಲ್ ಹಾಕಿ.

ಸಣ್ಣ ಕಂಪನಿಯವರ ಜೊತೆ ನಿಧಾನವಾಗಿ ಮಾತಾಡಬೇಕು ಅಂದರೆ ಮೂರನೇ ದಿನ ಮಧ್ಯಾಹ್ನ ಹೋಗಿ. ಮೊದಲ ದಿನದ ನೂಕುನುಗ್ಗಲು ಅಷ್ಟೊತ್ತಿಗೆ ಇಳಿದಿರುತ್ತದೆ, ಅವರೂ ಕುರ್ಚಿ ಎಳೆದು ಕೂರಿಸುತ್ತಾರೆ. ಕೊನೆಯ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ, ಅವತ್ತು ಬೇಗ ಮುಚ್ಚುತ್ತಾರೆ, ಅದಕ್ಕೂ ಮುಂಚೆಯೇ ಡಬ್ಬಗಳಿಗೆ ತುಂಬಲು ಶುರು ಮಾಡಿರುತ್ತಾರೆ.