ಮಲೆನಾಡಿನ ಹಸಿರು ಅಚ್ಚಿನಲ್ಲಿ ಮಂಕಾಗದಿರಲು ಫೋಟೊಶಾಪ್ ಹೊಂದಿಸಿಕೊಳ್ಳುವ ಬಗೆ

ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿಯೋ ಕೊಡಚಾದ್ರಿಯ ತಪ್ಪಲಲ್ಲಿಯೋ ತೆಗೆದ ಚಿತ್ರ ಕ್ಯಾಮೆರಾದ ಪರದೆಯಲ್ಲಿ ಕಣ್ಣು ಕುಕ್ಕುವಷ್ಟು ಹಸಿರಾಗಿದ್ದು, ಫೋನಿಗೆ ಕಳುಹಿಸಿದಾಗ ಸಪ್ಪೆಯಾಗಿ, ಆಲ್ಬಂನಲ್ಲಿ ಅಚ್ಚಾಗಿ ಬಂದಾಗ ಇನ್ನೊಂದೇ ಬಣ್ಣವಾಗಿರುತ್ತದೆ ಎಂಬುದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಛಾಯಾಗ್ರಾಹಕರ ಹಳೆಯ ದೂರು. ತಪ್ಪನ್ನು ಹೆಚ್ಚಾಗಿ ಲ್ಯಾಬಿನ ತಲೆಗೆ ಕಟ್ಟಲಾಗುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಬಣ್ಣ ಕೆಡುವುದು ಫೋಟೊಶಾಪ್‌ನಲ್ಲಿ ಯಾರೂ ತೆರೆದು ನೋಡದ ಹೊಂದಿಕೆಗಳಿಂದ. ಕಂಪ್ಯೂಟರ್ ಕಡತದಲ್ಲಿರುವುದು ಕೆಂಪು, ಹಸಿರು, ನೀಲಿಗಳ ಸಂಖ್ಯೆಗಳು ಮಾತ್ರ. ಆ ಸಂಖ್ಯೆ ನಿಖರವಾಗಿ ಯಾವ ಬಣ್ಣ ಎಂಬುದನ್ನು ಹೇಳುವುದು ಅದರೊಂದಿಗಿರುವ ಪ್ರೊಫೈಲ್. ಅಡಿಕೆ ಮಂಡಿಯ ಚೀಟಿಯಲ್ಲಿ 20 ಎಂದಷ್ಟೇ ಬರೆದು ಕೆ.ಜಿ.ಯೋ ಕ್ವಿಂಟಲೋ ಎಂಬುದನ್ನು ಬಿಟ್ಟರೆ ಏನಾಗುತ್ತದೋ, ಪ್ರೊಫೈಲ್ ಇಲ್ಲದ ಚಿತ್ರದ ಗತಿಯೂ ಅದೇ.

ತಂತ್ರಾಂಶಕ್ಕೆ ಕೈ ಹಾಕುವ ಮುನ್ನ ಮಾನಿಟರ್ ಸರಿಯಿರಬೇಕು. ಅದನ್ನು ಹಚ್ಚಿ ಅರ್ಧ ಗಂಟೆ ಬಿಟ್ಟ ಬಳಿಕ, ಸಾಧ್ಯವಿದ್ದರೆ ಪರದೆಯ ಬಣ್ಣವನ್ನು ಅಳೆದು ಸರಿಪಡಿಸುವ ಕ್ಯಾಲಿಬ್ರೇಷನ್ ಉಪಕರಣದಿಂದ, ಬಿಳಿ ಬಿಂದುವನ್ನು (ಪರದೆಯ ಬಿಳಿಯ ಛಾಯೆ) 6500 ಕೆಲ್ವಿನ್‌ಗೂ ಗಾಮಾವನ್ನು (ನಡುವಣ ಬೆಳಕಿನ ಮಟ್ಟ) 2.2ಕ್ಕೂ ಹೊಂದಿಸಿಕೊಳ್ಳಬೇಕು. ಉಪಕರಣವಿಲ್ಲದವರಿಗೆ ವಿಂಡೋಸ್‌ನಲ್ಲಿಯೇ ಇರುವ ಡಿಸ್‌ಪ್ಲೇ ಕಲರ್ ಕ್ಯಾಲಿಬ್ರೇಷನ್ ತಕ್ಕಮಟ್ಟಿಗೆ ನೆರವಾಗುತ್ತದೆ. ಹೊಸ ಮಾನಿಟರ್‌ಗಳ ಬೆಳಕು ಅಂಗಡಿಯಲ್ಲಿ ಆಕರ್ಷಿಸಲೆಂದೇ ಹೆಚ್ಚಿಟ್ಟಂತಿರುತ್ತದೆ. ಅದನ್ನು ತಗ್ಗಿಸದೆ ಕೆಲಸ ಮಾಡಿದವರ ಚಿತ್ರಗಳೆಲ್ಲ ಅಚ್ಚಿನಲ್ಲಿ ಕಪ್ಪಾಗಿಯೇ ಬರುತ್ತವೆ.

ಈಗ ಎಡಿಟ್ ಮೆನುವಿನ ತಳದಲ್ಲಿರುವ ಪ್ರಿಫರೆನ್ಸಸ್ ತೆರೆಯಿರಿ. ಕಂಟ್ರೋಲ್ ಮತ್ತು ಕೆ ಒಟ್ಟಿಗೆ ಒತ್ತಿದರೂ ಅದು ತೆರೆದುಕೊಳ್ಳುತ್ತದೆ. ಮಲೆನಾಡಿನವರು ಮೊದಲು ನೋಡಬೇಕಾದದ್ದು ಫೈಲ್ ಹ್ಯಾಂಡ್ಲಿಂಗ್ ಪುಟ. ಅಲ್ಲಿ ರಿಕವರಿ ಮಾಹಿತಿಯನ್ನು ಎಷ್ಟು ಹೊತ್ತಿಗೊಮ್ಮೆ ತಾನಾಗಿ ಉಳಿಸಬೇಕೆಂಬ ಆಯ್ಕೆ ಸಾಮಾನ್ಯವಾಗಿ 10 ನಿಮಿಷಕ್ಕಿರುತ್ತದೆ, ಅದನ್ನು 5 ನಿಮಿಷಕ್ಕೆ ಇಳಿಸಿ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು ಕರೆಂಟು ಹೋದಾಗ, ಯುಪಿಎಸ್ ಕೈಕೊಟ್ಟರೂ ಕಳೆದುಹೋಗುವುದು ಐದು ನಿಮಿಷದ ಕೆಲಸವಷ್ಟೇ. ಇದು ನಿಮ್ಮ ಮೂಲ ಕಡತದ ಮೇಲೆ ಬರೆಯುವುದಿಲ್ಲವಾದ್ದರಿಂದ, ನೀವೇ ಸೇವ್ ಮಾಡುವ ಅಭ್ಯಾಸವನ್ನು ಮಾತ್ರ ಬಿಡಬೇಡಿ.

ಪರ್ಫಾರ್ಮೆನ್ಸ್ ಪುಟದಲ್ಲಿ ಫೋಟೊಶಾಪ್‌ಗೆ ರ‍್ಯಾಮ್‌ನ ಶೇ 70ರಷ್ಟನ್ನು ಮೊದಲೇ ಬಿಟ್ಟುಕೊಟ್ಟಿರುತ್ತದೆ. ಎಂಟು ಜಿಬಿಯ ಕಂಪ್ಯೂಟರ್‌ನಲ್ಲಿ ಅದನ್ನು ಶೇ 85ಕ್ಕಿಂತ ಮೇಲೇರಿಸಿದರೆ ವೇಗ ಹೆಚ್ಚುವ ಬದಲು ಇಡೀ ಯಂತ್ರವೇ ತೆವಳುತ್ತದೆ. ಹಿಂದಕ್ಕೆ ಹೋಗಬಹುದಾದ ಹೆಜ್ಜೆಗಳ ಸಂಖ್ಯೆಯಾದ ಹಿಸ್ಟರಿ ಸ್ಟೇಟ್ಸ್ 50 ಸಾಕು. ಫೋಟೊಶಾಪ್ ತಾತ್ಕಾಲಿಕ ಕಡತಗಳನ್ನು ಇಡುವ ಜಾಗವನ್ನು ಆರಿಸುವ ಸ್ಕ್ರ್ಯಾಚ್ ಡಿಸ್ಕ್ ಪುಟದಲ್ಲಿ, ಎರಡನೆಯ ಎಸ್‌ಎಸ್‌ಡಿ ಇದ್ದರೆ ವಿಂಡೋಸ್ ಇರುವ ಡ್ರೈವ್‌ನ ಬದಲು ಅದನ್ನು ಆರಿಸಿ. ಉಳಿದ ಪುಟಗಳನ್ನು ಇದ್ದಂತೆಯೇ ಬಿಟ್ಟರೂ ಯಾವ ನಷ್ಟವೂ ಇಲ್ಲ.

ನಿಜವಾದ ವಿಷಯವಿರುವುದು ಎಡಿಟ್ ಮೆನುವಿನ ಕಲರ್ ಸೆಟ್ಟಿಂಗ್ಸ್ ಕಿಟಕಿಯಲ್ಲಿ. ಕಂಟ್ರೋಲ್, ಶಿಫ್ಟ್, ಕೆ ಒತ್ತಿದರೆ ಅದು ಬರುತ್ತದೆ. ನೀವು ಕೆಲಸ ಮಾಡುವ ಬಣ್ಣಗಳ ವ್ಯಾಪ್ತಿಯನ್ನು ಆರಿಸುವ ವರ್ಕಿಂಗ್ ಸ್ಪೇಸಸ್ ಎಂಬ ಭಾಗದ ಮೊದಲ ಸಾಲು ಆರ್‌ಜಿಬಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ರೂಪಿಸಿದ ಎಸ್‌ಆರ್‌ಜಿಬಿ ಫೋನು, ಜಾಲತಾಣ ಮತ್ತು ಬಹುತೇಕ ಫೋಟೊ ಲ್ಯಾಬುಗಳ ಸಾಮಾನ್ಯ ಭಾಷೆ. ಅಡೋಬಿ ಆರ್‌ಜಿಬಿ 1998 ಅದಕ್ಕಿಂತ ವಿಶಾಲವಾಗಿದ್ದು, ವಿಶೇಷವಾಗಿ ಹಸಿರಿನ ಕಡೆಗೆ ಹೆಚ್ಚು ಚಾಚಿಕೊಂಡಿದೆ. ಹಸಿರೇ ತುಂಬಿದ ನಾಡಿನಲ್ಲಿ ಎರಡನೆಯದನ್ನೇ ಆರಿಸಬೇಕೆಂಬ ಆಸೆ ಸಹಜ. ಆದರೆ ಮದುವೆ ಆಲ್ಬಂ ಮತ್ತು ವಾಟ್ಸ್‌ಆ್ಯಪ್‌ಗಳಿಗಷ್ಟೇ ಚಿತ್ರ ಸಿದ್ಧಪಡಿಸುವವರಿಗೆ ಎಸ್‌ಆರ್‌ಜಿಬಿಯೇ ಕ್ಷೇಮವೆಂಬುದು ನನ್ನ ಅಭಿಪ್ರಾಯ. ಅಡೋಬಿ ಆರ್‌ಜಿಬಿಯ ಸಂಖ್ಯೆಗಳನ್ನು ಪ್ರೊಫೈಲ್ ಓದದ ಸಾಧನವೊಂದು ಎಸ್‌ಆರ್‌ಜಿಬಿ ಎಂದೇ ಭಾವಿಸಿ ತೋರಿಸಿದಾಗ ಮೊದಲು ಸೊರಗುವುದೇ ಹಸಿರು. ಈ ಪಟ್ಟಿಯಲ್ಲಿ ಮಾನಿಟರ್‌ನ ಹೆಸರಿನ ಪ್ರೊಫೈಲೂ ಕಾಣುತ್ತದೆ, ಅದನ್ನು ಎಂದಿಗೂ ಆರಿಸಬೇಡಿ.

ಅದರ ಕೆಳಗಿನ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ) ಸಾಲು ಆಮಂತ್ರಣ ಪತ್ರಿಕೆ, ಕ್ಯಾಲೆಂಡರ್, ಸ್ಮರಣ ಸಂಚಿಕೆಗಳನ್ನು ಆಫ್‌ಸೆಟ್ ಪ್ರೆಸ್ಸಿಗೆ ಕೊಡುವವರಿಗೆ ಸಂಬಂಧಿಸಿದ್ದು. ಇಲ್ಲಿ ಸಾಮಾನ್ಯವಾಗಿ ಇರುವುದು ಅಮೆರಿಕದ ಮುದ್ರಣ ಮಾನದಂಡವಾದ ಸ್ವಾಪ್‌ನ ಪ್ರೊಫೈಲ್. ಊಹೆಯಿಂದ ಬದಲಿಸುವುದಕ್ಕಿಂತ ಪ್ರೆಸ್ಸಿನವರನ್ನು ಕೇಳಿ, ಅವರು ನಯವಾದ ಕಾಗದಕ್ಕೆ ಫೋಗ್ರಾ 39 ಪ್ರೊಫೈಲ್ ಬೇಕೆಂದರೆ ಅದನ್ನು ಹಾಕಿಕೊಳ್ಳಿ.

ಕಲರ್ ಮ್ಯಾನೇಜ್‌ಮೆಂಟ್ ಪಾಲಿಸೀಸ್ ಎಂಬ ಭಾಗದಲ್ಲಿ ಆರ್‌ಜಿಬಿ, ಸಿಎಂವೈಕೆ, ಗ್ರೇ ಎಂಬ ಮೂರೂ ಸಾಲುಗಳಿಗೆ ಪ್ರಿಸರ್ವ್ ಎಂಬೆಡೆಡ್ ಪ್ರೊಫೈಲ್ಸ್ ಎಂಬುದನ್ನು ಆರಿಸಿ, ಅದರಡಿಯ ಮೂರು ಚೌಕಗಳಿಗೂ ಗುರುತು ಹಾಕಿ. ಹೀಗೆ ಮಾಡಿದರೆ, ಬೇರೆಯವರ ಕ್ಯಾಮೆರಾದಿಂದ ಬಂದ ಅಡೋಬಿ ಆರ್‌ಜಿಬಿ ಚಿತ್ರವನ್ನು ತೆರೆದ ಕ್ಷಣವೇ ಫೋಟೊಶಾಪ್ ತಡೆದು ನಿಲ್ಲಿಸಿ, ಒಳಗಿನ ಪ್ರೊಫೈಲನ್ನೇ ಬಳಸುವುದೇ, ನಿಮ್ಮ ವರ್ಕಿಂಗ್ ಸ್ಪೇಸ್‌ಗೆ ಪರಿವರ್ತಿಸುವುದೇ, ಕಿತ್ತೆಸೆಯುವುದೇ ಎಂದು ಕೇಳುತ್ತದೆ. ಮೊದಲನೆಯದೇ ಸರಿಯಾದ ಉತ್ತರ. ಪದೇ ಪದೇ ಕೇಳುತ್ತದೆಂದು ಬೇಸತ್ತು ಗುರುತು ತೆಗೆಯುವವರು ಬಹಳ ಮಂದಿ. ಎಚ್ಚರಿಕೆಯ ಗಂಟೆ ಬಾರಿಸುವುದು ಅದೊಂದೇ ಎಂಬುದು ಅವರಿಗೆ ಆಲ್ಬಂ ಮನೆಗೆ ಬಂದ ಮೇಲೆ ತಿಳಿಯುತ್ತದೆ. ಮೋರ್ ಆಪ್ಷನ್ಸ್ ಒತ್ತಿದಾಗ ಕಾಣುವ ಅಡೋಬಿ ಎಂಜಿನ್, ರಿಲೇಟಿವ್ ಕಲರಿಮೆಟ್ರಿಕ್, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಮೂರೂ ಇದ್ದಂತೆಯೇ ಇರಲಿ.

ಎಡಿಟ್ ಮೆನುವಿನಲ್ಲಿಯೇ ಇರುವ ಅಸೈನ್ ಪ್ರೊಫೈಲ್ ಮತ್ತು ಕನ್ವರ್ಟ್ ಟು ಪ್ರೊಫೈಲ್ ಎಂಬ ಎರಡು ಆದೇಶಗಳನ್ನು ಗೊಂದಲ ಮಾಡಿಕೊಳ್ಳಬಾರದು. ಅಸೈನ್ ಸಂಖ್ಯೆಗಳನ್ನು ಹಾಗೆಯೇ ಇಟ್ಟು ಅವುಗಳ ಅರ್ಥವನ್ನು ಬದಲಿಸುವುದರಿಂದ ಚಿತ್ರದ ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಕನ್ವರ್ಟ್ ಸಂಖ್ಯೆಗಳನ್ನು ಬದಲಿಸಿ ಬಣ್ಣವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಲ್ಯಾಬಿಗೆ ಕಳುಹಿಸುವಾಗ ಬೇಕಾದದ್ದು ಕನ್ವರ್ಟ್.

ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಕಡತಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಜಾಗವನ್ನು ನೋಡಬೇಕು. ಅವು ತೆರೆದುಕೊಳ್ಳುವ ಕ್ಯಾಮೆರಾ ರಾ ಕಿಟಕಿಯ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಬಣ್ಣದ ಸ್ಪೇಸ್ ಮತ್ತು ಬಿಟ್ ಸಂಖ್ಯೆಯನ್ನು ತೋರಿಸುತ್ತಿರುತ್ತದೆ. ಅದರ ಮೇಲೆ ಕ್ಲಿಕ್ಕಿಸಿದರೆ ಎರಡನ್ನೂ ಬದಲಿಸಬಹುದು. ಕುಂದಾದ್ರಿಯ ಬೆಳಗಿನ ಮಂಜಿನಂತಹ ಚಿತ್ರಕ್ಕೆ 16 ಬಿಟ್ ಆರಿಸಿ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುವುದರಿಂದ, ಕಾಂಟ್ರಾಸ್ಟ್ ಏರಿಸಿದ ಕೂಡಲೇ ನಯವಾದ ಮಂಜು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ.

ಅಚ್ಚಿಗೆ ಹೋಗುವ ಮುನ್ನ, ಅಚ್ಚಿನಲ್ಲಿ ಹೇಗೆ ಕಾಣುವುದೆಂದು ಪರದೆಯ ಮೇಲೆಯೇ ನೋಡಲು, ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಪ್ರೆಸ್ಸು ಅಥವಾ ಲ್ಯಾಬು ಕೊಟ್ಟ ಪ್ರೊಫೈಲನ್ನು ಆರಿಸಿ, ಕಂಟ್ರೋಲ್ ಮತ್ತು ವೈ ಒತ್ತಿ ನೋಡಿ. ಅದರೊಂದಿಗೆ ಗ್ಯಾಮಟ್ ವಾರ್ನಿಂಗ್ ಹಾಕಿದರೆ, ಆ ಶಾಯಿ ಮತ್ತು ಕಾಗದ ತಲುಪಲಾರದ ಬಣ್ಣಗಳ ಮೇಲೆ ಬೂದು ಬಣ್ಣ ಹರಡಿಕೊಳ್ಳುತ್ತದೆ. ಬಿಸಿಲು ಬಿದ್ದ ಚಿಗುರು, ಯಕ್ಷಗಾನ ವೇಷದ ಗಾಢ ಕೆಂಪು ಇಂತಹ ಕಡೆ ಬೂದು ಕಂಡರೆ ಇಡೀ ಚಿತ್ರದ ಸ್ಯಾಚುರೇಷನ್ ಇಳಿಸಬೇಕಿಲ್ಲ. ಹ್ಯೂ ಸ್ಯಾಚುರೇಷನ್ ಲೇಯರ್‌ನಲ್ಲಿ ವೇಷಕ್ಕೆ ಕೆಂಪನ್ನಷ್ಟೇ, ಚಿಗುರಿಗೆ ಹಳದಿ ಅಥವಾ ಹಸಿರನ್ನಷ್ಟೇ ಆರಿಸಿ, ಎಲೆಯ ನರಗಳು ಮತ್ತೆ ಬೇರೆಬೇರೆಯಾಗಿ ಕಾಣುವವರೆಗೆ ನಿಧಾನವಾಗಿ ತಗ್ಗಿಸಿ.

ಎಲ್ಲವೂ ಸರಿಹೋದ ಮೇಲೆ ಕಲರ್ ಸೆಟ್ಟಿಂಗ್ಸ್ ಕಿಟಕಿಯ ಸೇವ್ ಗುಂಡಿ ಒತ್ತಿ ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಿ. ಸ್ಟುಡಿಯೊದ ಎರಡನೆಯ ಕಂಪ್ಯೂಟರ್‌ನಲ್ಲಿ ಲೋಡ್ ಒತ್ತಿ ಅದೇ ಕಡತವನ್ನು ತೋರಿಸಿದರೆ ಎರಡರಲ್ಲಿಯೂ ಒಂದೇ ಹೊಂದಿಕೆ ಬರುತ್ತದೆ. ಮುಂದೆಂದಾದರೂ ಫೋಟೊಶಾಪ್ ವಿಚಿತ್ರವಾಗಿ ವರ್ತಿಸತೊಡಗಿದರೆ, ಅದನ್ನು ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಪ್ರಿಫರೆನ್ಸಸ್ ಅಳಿಸಬಹುದು. ಅಳಿಸಿದ ನಂತರ ಕಲರ್ ಸೆಟ್ಟಿಂಗ್ಸ್ ತೆರೆದು ನೋಡಿ, ಬದಲಾಗಿದ್ದರೆ ಉಳಿಸಿಟ್ಟ ಆ ಕಡತವನ್ನೇ ಮತ್ತೆ ಲೋಡ್ ಮಾಡಿಕೊಳ್ಳಿ.