ಕಿವಿಗೆ ಬಿದ್ದ ಹಾಗೆ ಟೈಪ್ ಆಗಬೇಕು: ಬೀಟೆ ಕುಸುರಿ ಅಂಗಡಿಗೆ ಡೊಮೇನ್ ಹೆಸರು ಆರಿಸಿದ ಬಗೆ

ಬೀಟೆ ಮರದಲ್ಲಿ ಕುಸುರಿ ಕೂರಿಸಿದ ಒಡವೆ ಪೆಟ್ಟಿಗೆ, ಗೋಡೆ ಫಲಕಗಳನ್ನು ಮೈಸೂರಿನಲ್ಲಿ ಮಾಡಿಸಿ ಮಾರುವ ಸಣ್ಣ ವ್ಯಾಪಾರ ನಮ್ಮದು. ಒಂದೊಂದು ಪೆಟ್ಟಿಗೆಗೂ ವಾರಗಟ್ಟಲೆ ಕೆಲಸ ಹಿಡಿಯುತ್ತದೆ, ಬೆಲೆಯೂ ಹಾಗೇ. ಇಂಥ ಸರಕಿನ ಗಿರಾಕಿ ಯಾರದೋ ಮದುವೆಮನೆಯಲ್ಲಿ ಪೆಟ್ಟಿಗೆ ನೋಡಿ, ‘ಎಲ್ಲಿ ಮಾಡಿಸಿದ್ರಿ?’ ಎಂದು ಕೇಳಿ, ಮನೆಗೆ ಹೋದಮೇಲೆ ಫೋನಿನಲ್ಲಿ ಹುಡುಕುತ್ತಾರೆ. ಆದ್ದರಿಂದ ಡೊಮೇನ್ ಹೆಸರನ್ನು, ಅಂದರೆ ನಮ್ಮ ತಾಣದ ವಿಳಾಸವನ್ನು, ಮೊದಲು ಕಿವಿಗೆ ಆರಿಸಿದೆವು, ಕಣ್ಣಿಗೆ ಆಮೇಲೆ.

ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಲ್ಲೇ ಹೆಚ್ಚಿನ ಹೆಸರುಗಳು ಸೋಲುತ್ತವೆ. ಶ್ರೀಗಂಧ ತೆಗೆದುಕೊಳ್ಳಿ. ಎಸ್ ಆದಮೇಲೆ ಎಚ್ ಬೇಕೋ ಬೇಡವೋ, ‘ರೀ’ಗೆ ಒಂದು ಐ ಸಾಕೋ ಎರಡು ಇ ಹಾಕಬೇಕೋ? ಇಷ್ಟರಲ್ಲೇ ನಾಲ್ಕು ಕಾಗುಣಿತ ಆಯಿತು. ‘ಬೀಟೆ’ಯನ್ನು ಬಿ, ಐ, ಟಿ, ಇ ಎಂದು ಬರೆದರೆ ಇಂಗ್ಲಿಷ್ ಬಲ್ಲವರು ‘ಬೈಟ್’ ಎಂದು ಓದುತ್ತಾರೆ, ಅಂದರೆ ಕಚ್ಚು. ಬಿ ಆದಮೇಲೆ ಎರಡು ಇ ಹಾಕಿದರೂ ಕೊನೆಯ ಎಕಾರ ಉಳಿಯುವುದಿಲ್ಲ, ‘ಬೀಟ್’ ಆಗುತ್ತದೆ. ದೀರ್ಘ ಸ್ವರ, ಳ, ಣ, ಷ, ಕೊನೆಯ ಎಕಾರ ಇರುವ ಪದಗಳನ್ನು ಹೀಗೆ ಪಟ್ಟಿಯಿಂದ ತೆಗೆದೆವು. ಉಳಿದವುಗಳಲ್ಲಿ ‘ಕುಸುರಿ’ ಗಟ್ಟಿ ನಿಂತಿತು: ಇಂಗ್ಲಿಷಿನಲ್ಲಿ ಆರೇ ಅಕ್ಷರ, ಮೂರೂ ಹ್ರಸ್ವ ಸ್ವರ. ಜಪಾನಿ ಭಾಷೆಯಲ್ಲಿ ಇದೇ ಉಚ್ಚಾರದ ಪದಕ್ಕೆ ಔಷಧಿ ಎಂಬ ಅರ್ಥವಿದೆ, ಕೆಟ್ಟ ಅರ್ಥವಲ್ಲವಾದ್ದರಿಂದ ಇಟ್ಟುಕೊಂಡೆವು. ಹೊರದೇಶದ ಗಿರಾಕಿಗಳಿರುವವರು ಈ ಒಂದು ಹುಡುಕಾಟ ತಪ್ಪಿಸಬಾರದು.

ಇಷ್ಟು ಚಿಕ್ಕ ಪದ ಡಾಟ್ ಕಾಮ್‌ನಲ್ಲಿ ಒಂಟಿಯಾಗಿ ಸಿಗುವುದು ತೀರಾ ಅಪರೂಪ, ಎರಡನೆಯ ಪದ ಜೋಡಿಸಲೇಬೇಕು. ಇಲ್ಲಿ ನಮ್ಮ ಸಂಧಿ ಕೈಕೊಡುತ್ತದೆ. ‘ಗಂಧ’ಕ್ಕೆ ‘ಅರಮನೆ’ ಸೇರಿಸಿ ನೋಡಿ, ನಡುವೆ ಇಂಗ್ಲಿಷಿನ ಎರಡು ಎ ಅಕ್ಕಪಕ್ಕ ಬರುತ್ತವೆ, ಕೇಳಿದವರು ಒಂದೇ ಬರೆಯುತ್ತಾರೆ. ಮೊದಲ ಪದ ಸ್ವರದಲ್ಲಿ ಮುಗಿದರೆ ಎರಡನೆಯದು ವ್ಯಂಜನದಿಂದ ಶುರುವಾಗಬೇಕು. ನಾವು ನಾಲ್ಕು ಅಕ್ಷರದ ಪದ ಹಾಕಿ ಒಟ್ಟು 10ಕ್ಕೆ ನಿಲ್ಲಿಸಿದೆವು. ನಿಯಮದ ಪ್ರಕಾರ 63 ಅಕ್ಷರದವರೆಗೂ ಹೋಗಬಹುದು, ಆದರೆ 12 ದಾಟಿದರೆ ಫೋನಿನಲ್ಲಿ ಹೇಳಿ ಮುಗಿಸುವುದೇ ಕಷ್ಟ.

ಪರೀಕ್ಷೆ ಹೀಗೆ ಮಾಡಿ. ಕಸುಬಿನ ಪರಿಚಯವಿಲ್ಲದ 10 ಜನಕ್ಕೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಅಕ್ಷರ ಬಿಡಿಸಿ ಹೇಳಬೇಡಿ. ಕೇಳಿಸಿದಂತೆ ಇಂಗ್ಲಿಷಿನಲ್ಲಿ ವಾಟ್ಸಾಪ್ ಮಾಡಲಿ. ಇಬ್ಬರಿಗಿಂತ ಹೆಚ್ಚು ಜನ ತಪ್ಪಿದರೆ ಆ ಹೆಸರು ಬಿಡಿ. ಇಬ್ಬರೂ ಒಂದೇ ಬಗೆಯಲ್ಲಿ ತಪ್ಪಿದರೆ ಆ ತಪ್ಪು ಕಾಗುಣಿತವನ್ನೂ ಕೊಂಡು ಸರಿಯಾದದ್ದಕ್ಕೆ ತಿರುಗಿಸಿ.

ಹೆಸರಿಗೆ ‘ಮೈಸೂರು’ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ನಾವು ಸೇರಿಸಲಿಲ್ಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತ ಹೆಸರು ಮೈಸೂರು ಆದರೂ ಹೊರಗಿನವರು ‘ಮೈಸೋರ್’ ಎಂದೇ ಟೈಪ್ ಮಾಡುವುದು ನಿಂತಿಲ್ಲ, ಅಲ್ಲಿಗೆ ಎರಡು ಕಾಗುಣಿತ. ಇನ್ನೂ ದೊಡ್ಡ ಕಾರಣ ಕಾನೂನಿನದು. ಮೈಸೂರು ಬೀಟೆ ಇನ್‌ಲೇಗೆ, ಅಂದರೆ ಈ ಕುಸುರಿಗೆ, ಜಿಐ (ಊರಿಗೆ ಅಂಟಿದ ಸರಕಿನ ಗುರುತು) ನೋಂದಣಿ ಇದೆ, ಮೈಸೂರು ರೇಷ್ಮೆಯ ಜಿಐ ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯದು. ಊರಿನ ಹೆಸರು, ಸರಕಿನ ಹೆಸರು ಇವೆರಡನ್ನೇ ಸೇರಿಸಿದ ಪದಕ್ಕೆ ಟ್ರೇಡ್‌ಮಾರ್ಕ್ ಕೇಳಿದರೆ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಊರನ್ನು ಪುಟದ ಶೀರ್ಷಿಕೆಯಲ್ಲಿ, ವಿಳಾಸದಲ್ಲಿ ಧಾರಾಳವಾಗಿ ಬರೆಯಿರಿ, ಹುಡುಕಾಟಕ್ಕೆ ಅಷ್ಟು ಸಾಕು. ‘ಅಂಬಾರಿ’ಯೂ ನಮ್ಮ ಪಟ್ಟಿಯಲ್ಲಿತ್ತು. ಊರಲ್ಲಿ ಓಡಾಡುವ ಡಬಲ್ ಡೆಕ್ಕರ್ ಬಸ್ಸಿನ ಹೆಸರೂ ಅದೇ, ಕೆಎಸ್‌ಆರ್‌ಟಿಸಿ ಬಸ್ಸಿಗೂ ಅದೇ, ಹಾಗಾಗಿ ಬಿಟ್ಟೆವು.

ದುಡ್ಡು ಕಟ್ಟುವ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ತಾಣದಲ್ಲಿ ಪದದ ಹುಡುಕಾಟದ ಜೊತೆ ಉಚ್ಚಾರದ ಹುಡುಕಾಟವನ್ನೂ ಮಾಡಿ. ಅಲ್ಲಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಒಡವೆ ಪೆಟ್ಟಿಗೆ 14ನೇ ವರ್ಗ, ಪೀಠೋಪಕರಣ 20, ಮಾರಾಟದ ಸೇವೆ 35. ಆನ್‌ಲೈನ್ ಅರ್ಜಿಗೆ ವ್ಯಕ್ತಿ ಅಥವಾ ಸಣ್ಣ ಉದ್ದಿಮೆಗೆ ವರ್ಗವೊಂದಕ್ಕೆ 4,500 ರೂಪಾಯಿ. ಆ ಹೆಸರಿನಲ್ಲಿ ಹಿಂದೆ ಯಾವ ತಾಣವಿತ್ತೆಂದು, ತಾಣಗಳ ಹಳೆಯ ಪ್ರತಿ ತೋರಿಸುವ ವೇಬ್ಯಾಕ್ ಮಷಿನ್‌ನಲ್ಲಿ ನೋಡಿ. ಜೂಜಿನ ತಾಣವಾಗಿದ್ದ ಹೆಸರು ಅಗ್ಗಕ್ಕೆ ಸಿಕ್ಕರೂ ಬೇಡ, ನಿಮ್ಮ ಮೇಲ್‌ಗಳು ಸ್ಪ್ಯಾಮ್‌ಗೆ ಬೀಳಬಹುದು.

ಡಾಟ್ ಕಾಮ್, ಡಾಟ್ ಇನ್ ಎರಡನ್ನೂ ಕೊಂಡೆವು. ಡಾಟ್ ಲಕ್ಷುರಿ ಎಂಬುದೂ ಇದೆ, ಆದರೆ ಕೇಳಿದವರು ಅದರ ಕೊನೆಗೂ ಕಾಮ್ ಸೇರಿಸಿಬಿಡುತ್ತಾರೆ. ಕನ್ನಡ ಲಿಪಿಯ ಡಾಟ್ ಭಾರತ ಹೆಸರು ತಾಣಕ್ಕೆ ತಿರುಗಿಸಲು ಚೆನ್ನ, ಇಮೇಲ್‌ಗೆ ಬೇಡ: ಎಷ್ಟೋ ಫಾರಂಗಳು ಆ ವಿಳಾಸವನ್ನು ಒಪ್ಪುವುದಿಲ್ಲ. ಮೊದಲ ವರ್ಷದ ರಿಯಾಯಿತಿಗೆ ಮರುಳಾಗದೆ ನವೀಕರಣದ ದರ ನೋಡಿ.

ಡೊಮೇನ್ ಕೊಂಡ ಖಾತೆ ಅಂಗಡಿ ಮಾಲೀಕರ ಹೆಸರಿನಲ್ಲೇ ಇರಬೇಕು. ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿದ್ದರೆ ಜಗಳವಾದ ದಿನ ಅಂಗಡಿಯ ಬೋರ್ಡೇ ಅವರ ಕೈಯಲ್ಲಿರುತ್ತದೆ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದಾಗಬಾರದು, ಅವಧಿ ಮುಗಿದು ಮೇಲ್ ನಿಂತರೆ ನವೀಕರಣದ ಎಚ್ಚರಿಕೆಯೂ ತಲುಪುವುದಿಲ್ಲ. ಡಾಟ್ ಕಾಮ್ ಅವಧಿ ತಪ್ಪಿದರೆ ಮಾಮೂಲಿ ದರದ ಕಾಲಾವಕಾಶ ಹೆಚ್ಚೆಂದರೆ 45 ದಿನ, ಆಮೇಲಿನ 30 ದಿನದಲ್ಲಿ ದಂಡ ಭಾರಿ. ನಾವು ಒಮ್ಮೆಗೇ 5 ವರ್ಷಕ್ಕೆ ಕಟ್ಟಿದೆವು, 10 ವರ್ಷದವರೆಗೂ ಅವಕಾಶವಿದೆ.

ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಹೆಸರು ಕೊರೆದ ಹಿತ್ತಾಳೆ ಪಟ್ಟಿ ಕೂರಿಸುತ್ತೇವೆ. ಅಕ್ಷರದ ಎತ್ತರ 2 ಮಿಲಿಮೀಟರ್. ಹೈಫನ್ ಇರುವ ಹೆಸರನ್ನು ಇಷ್ಟು ಸಣ್ಣದಾಗಿ ಕೊರೆದು ಪಾಲಿಶ್ ಹೊಡೆದರೆ ಗೆರೆ ಮಾಸಿ ಎರಡು ಪದ ಅಂಟಿಕೊಳ್ಳುತ್ತವೆ. ಸಣ್ಣ ಎಲ್ ಮತ್ತು ದೊಡ್ಡ ಐ ಒಂದೇ ಥರ ಕಾಣುತ್ತವೆ. ಮೊದಲು ಒಂದೇ ಪಟ್ಟಿ ಕೊರೆಸಿ, ಪಾಲಿಶ್ ಆದಮೇಲೆ ಕನ್ನಡಕ ಹಾಕುವವರ ಕೈಗೆ ಕೊಟ್ಟು ಫೋನಿನಲ್ಲಿ ಟೈಪ್ ಮಾಡಿಸಿ ನೋಡಿದೆವು. ತಾಣ ತೆರೆದಮೇಲೇ ಉಳಿದ ಪಟ್ಟಿಗಳಿಗೆ ಆರ್ಡರ್ ಕೊಟ್ಟೆವು.